ಅಂಕೋರ್, ಬೊರೊಬುದುರ್, ಮಿ ಸನ್, ಅಯುತ್ತಾಯ: ಇರುವುದು ಒಂದೇ ರಜೆ, ಹೋಗುವುದು ಎಲ್ಲಿಗೆ?

ಆಗ್ನೇಯ ಏಷ್ಯಾದ ಕಡೆ ಹೋಗಿ ಒಂದು ಹಳೆಯ ದೇವಸ್ಥಾನವನ್ನು ಕಣ್ತುಂಬ ನೋಡಿಕೊಂಡು ಬರೋಣ ಎಂದುಕೊಂಡವರು ಮೊದಲು ಸಿಕ್ಕಿಕೊಳ್ಳುವುದು ಇಲ್ಲೇ. ಕಾಂಬೋಡಿಯಾದ ಅಂಕೋರ್ ವಾಟ್ ನೋಡುವುದಾ? ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಹೋಗಿ ಬೊರೊಬುದುರ್, ಪ್ರಂಬನನ್ ಎರಡನ್ನೂ ನೋಡುವುದಾ? ವಿಯೆಟ್ನಾಮಿನ ಮಿ ಸನ್? ಅಥವಾ ಹೇಗೂ ಬ್ಯಾಂಕಾಕ್‌ಗೆ ಹೋಗುತ್ತೇವಲ್ಲ, ಪಕ್ಕದ ಅಯುತ್ತಾಯವೇ ಸಾಕಾ? ಯಾರನ್ನು ಕೇಳಿದರೂ ಉತ್ತರ ಒಂದೇ: "ಅಂಕೋರ್‌ಗೆ ಹೋಗಿ, ಅದೇ ದೊಡ್ಡದು." ದೊಡ್ಡದು ಹೌದು. ಆದರೆ ಕೈಯಲ್ಲಿ ಎರಡೇ ದಿನ ಇರುವವರಿಗೆ ಆ ದೊಡ್ಡತನವೇ ತೊಂದರೆ.

ಈ ನಾಲ್ಕೂ ಕಡೆ ಬೇರೆ ಬೇರೆ ವರ್ಷಗಳಲ್ಲಿ ಹೋಗಿ ಬಂದಿದ್ದೇನೆ. ಯಾವುದು ಶ್ರೇಷ್ಠ ಎನ್ನುವ ಜಗಳ ಸುಮ್ನೆ. ನಿಮಗೆ ಈ ಸಲ ಯಾವುದು ಸರಿ ಅನ್ನುವುದನ್ನಷ್ಟೇ ನೋಡೋಣ.

ಯಾವುದರಿಂದ ಅಳೆಯಬೇಕು

ನನ್ನ ಮೊದಲ ಅಳತೆ: ಕಲ್ಲಿನ ಮುಂದೆ ನಿಂತು ನೋಡಲು ನಿಮಗೆ ಎಷ್ಟು ಹೊತ್ತು ಸಿಗುತ್ತದೆ? ವಿಮಾನ, ಹೋಟೆಲ್, ಟಿಕೆಟ್ ಎಂದು ಎಲ್ಲ ಖರ್ಚೂ ಮಾಡಿ, ಕೊನೆಗೆ ಕೆತ್ತನೆಯ ಮುಂದೆ ನಿಲ್ಲುವಷ್ಟರಲ್ಲಿ "ಟೈಮ್ ಆಯ್ತು, ನಡೀರಿ" ಎಂದರೆ ಹೇಗಿರುತ್ತದೆ? ಈ ನಾಲ್ಕು ಜಾಗಗಳಲ್ಲಿ ಜಾಸ್ತಿ ವ್ಯತ್ಯಾಸ ಇರುವುದು ಇದರಲ್ಲೇ. ವಿಚಿತ್ರವೆಂದರೆ ಇದನ್ನು ಯಾರೂ ಮೊದಲು ಕೇಳುವುದೇ ಇಲ್ಲ.

ಎರಡನೆಯದು ತಿಂಗಳು. ಕಾಂಬೋಡಿಯಾ ಮತ್ತು ಥಾಯ್ಲೆಂಡ್‌ನಲ್ಲಿ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಜಾವಾದಲ್ಲಿ ಉಲ್ಟಾ. ಅಲ್ಲಿ ಆ ತಿಂಗಳುಗಳೇ ಒಣ ದಿನಗಳು, ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮಿ ಸನ್ ಇರುವ ನಡು ವಿಯೆಟ್ನಾಮಿನ ಕಥೆಯೇ ಬೇರೆ, ಅಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ಹಾಗಾಗಿ ರಜೆ ಯಾವಾಗ ಎಂದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಮೂರನೆಯದು ಮಂಡಿ. ನಗಬೇಡಿ. ಈ ದೇವಸ್ಥಾನಗಳನ್ನು ಮೇರು ಪರ್ವತದ ಹಾಗೆ ಕಟ್ಟಿದ್ದಾರೆ, ಮೆಟ್ಟಿಲೂ ಪರ್ವತ ಹತ್ತುವಂತೆಯೇ ಇವೆ. ಜೊತೆಗೆ ವಯಸ್ಸಾದವರಿದ್ದರೆ ಎಷ್ಟು ಹತ್ತಬೇಕು, ಹತ್ತದೆ ಏನೇನು ನೋಡಬಹುದು ಎಂದು ಮೊದಲೇ ತಿಳಿದಿರಬೇಕು.

ನಾಲ್ಕನೆಯದು ದುಡ್ಡು. ಇಲ್ಲಿ ಟಿಕೆಟ್ ಬೆಲೆಗಿಂತ ಹೆಚ್ಚಾಗಿ ನೋಡಬೇಕಾದದ್ದು, ಆ ಒಂದು ಜಾಗಕ್ಕಾಗಿಯೇ ಬೇರೆ ವಿಮಾನ ಹತ್ತಬೇಕಾ, ಇಲ್ಲಾ ಹೋಗುವ ದಾರಿಯಲ್ಲೇ ಸಿಗುತ್ತದಾ ಎಂದು.

ಅಂಕೋರ್: ಸಮಯ ಇದ್ದವರಿಗೆ

ಅಂಕೋರ್ ಎಂದರೆ ಒಂದು ದೇವಸ್ಥಾನ ಅಲ್ಲ. ಸಿಯೆಮ್ ರೀಪ್ ಊರಿನ ಪಕ್ಕದ ಕಾಡಿನಲ್ಲಿ ಸುಮಾರು 400 ಚದರ ಕಿ.ಮೀ. ಹರಡಿಕೊಂಡಿರುವ ಹಳೆಯ ರಾಜಧಾನಿಗಳ ಗುಂಪು ಅದು. ಅಂಕೋರ್ ವಾಟ್ ಅದರಲ್ಲಿ ಒಂದು. ಅದನ್ನು 12ನೇ ಶತಮಾನದ ಮೊದಲ ಭಾಗದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ. ಆಮೇಲೆ ಬೌದ್ಧರದ್ದಾಯಿತು, ಇವತ್ತಿಗೂ ಅಲ್ಲಿ ಭಿಕ್ಷುಗಳಿದ್ದಾರೆ, ಪೂಜೆ ನಡೆಯುತ್ತದೆ. ಹತ್ತಿರದಲ್ಲೇ ಏಳನೇ ಜಯವರ್ಮ ಕಟ್ಟಿಸಿದ, ಕಲ್ಲಿನ ದೊಡ್ಡ ಮುಖಗಳ ಬಾಯಾನ್ ಇದೆ. ಮರದ ಬೇರುಗಳು ಗೋಡೆಯನ್ನು ತಬ್ಬಿಕೊಂಡಿರುವ ತಾ ಪ್ರೋಮ್ ಕೂಡ ಅವನದೇ. ಸ್ವಲ್ಪ ದೂರದಲ್ಲಿ ಬಾಂತೇಯ್ ಸ್ರೈ. ಇದು 967ರ ಪುಟ್ಟ ಗುಡಿ, ಗುಲಾಬಿ ಬಣ್ಣದ ಕಲ್ಲು, ಮರದಲ್ಲಿ ಕೆತ್ತಿದಷ್ಟು ನಾಜೂಕಾದ ಕೆಲಸ.

ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. 2017ರಲ್ಲಿ ನಿಗದಿಯಾದ ಬೆಲೆ ಇದು. ಮೂರು ದಿನದ್ದನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ಏಳು ದಿನದ್ದನ್ನು ಒಂದು ತಿಂಗಳೊಳಗೆ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಬೇಕು. ನಿಮ್ಮ ಟಿಕೆಟ್ ಮೇಲೆ ನಿಮ್ಮದೇ ಫೋಟೊ ಇರುತ್ತದೆ, ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ.

ನಾನು ಮೊದಲ ಸಲ 25 ಡಾಲರ್ ಉಳಿಸುವ ಆಸೆಗೆ ಒಂದು ದಿನದ್ದು ತಗೊಂಡೆ. ಬೆಳಗಿನ ಜಾವ ಐದಕ್ಕೆ ಹೊರಟು ಸಂಜೆಯೊಳಗೆ ಐದು ದೇವಸ್ಥಾನ ಸುತ್ತಿದೆ. ರಾತ್ರಿ ಫೋಟೊ ನೋಡಿದರೆ ಯಾವ ಗೋಡೆ ಯಾವ ಗುಡಿಯದು ಎಂದು ನನಗೇ ಗೊತ್ತಾಗಲಿಲ್ಲ. ಅಂಕೋರ್‌ನಲ್ಲಿ ದುಡ್ಡು ಉಳಿಸಬೇಕಾದ ಜಾಗ ಅದಲ್ಲ. ಹೋಟೆಲಿನಲ್ಲಿ ಉಳಿಸಿ. ಮೂರು ದಿನ ಇಲ್ಲ ಎಂದಾದರೆ ನೋಡುವ ಗುಡಿಗಳ ಲೆಕ್ಕವನ್ನೇ ಕಡಿಮೆ ಮಾಡಿ, ಬಾಯಾನ್ ಮತ್ತು ಅಂಕೋರ್ ವಾಟ್ ಎರಡೇ ಇಟ್ಟುಕೊಳ್ಳಿ.

ಇನ್ನು ಸೂರ್ಯೋದಯ. ಎಲ್ಲರೂ ಹೇಳುವುದು ಅದನ್ನೇ. ಕತ್ತಲಲ್ಲಿ ಎದ್ದು ಹೋಗಿ ಕೊಳದ ದಡದಲ್ಲಿ ನೂರಾರು ಜನರ ಜೊತೆ ಮೊಬೈಲ್ ಎತ್ತಿ ಹಿಡಿದು ನಿಲ್ಲುವುದು. ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವ ಗುಡಿ. ಬೆಳಿಗ್ಗೆ ನಿಮಗೆ ಕಾಣುವುದು ಅದರ ಕಪ್ಪು ನೆರಳು ಮಾತ್ರ. ಮಧ್ಯಾಹ್ನ ಮೂರರ ಮೇಲೆ ಹೋದರೆ ಬಿಸಿಲು ನೇರ ಮುಖದ ಮೇಲೆ ಬೀಳುತ್ತದೆ, ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ನನ್ನನ್ನು ಕೇಳಿದರೆ ಬೆಳಗಿನ ತಂಪನ್ನು ತಾ ಪ್ರೋಮ್‌ಗೆ ಕೊಡಿ, ಸಂಜೆಯನ್ನು ಅಂಕೋರ್ ವಾಟ್‌ಗೆ ಇಡಿ.

ಅಲ್ಲಿ ನಿಜವಾಗಿ ಹೊತ್ತು ಬೇಡುವುದು ಕೆಳಗಿನ ಮೊಗಸಾಲೆಯ ಉಬ್ಬುಶಿಲ್ಪಗಳು. ಪಶ್ಚಿಮದ ಗೋಡೆಯಲ್ಲಿ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಪೂರ್ವದ ಗೋಡೆಯಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನು ಗೈಡ್ ತೋರಿಸುವ ಮುಂಚೆಯೇ ನೀವೇ ಗುರುತು ಹಿಡಿಯುತ್ತೀರಿ. ಪಕ್ಕದಲ್ಲಿ ನಿಂತ ಬೇರೆ ದೇಶದವರು ಪುಸ್ತಕ ತೆಗೆದು ಹುಡುಕುತ್ತಿರುತ್ತಾರೆ, ನಿಮಗೆ ಕಥೆ ಚಿಕ್ಕಂದಿನಿಂದ ಗೊತ್ತು. ಈ ಸಾಲುಗಳನ್ನು ಅಪ್ರದಕ್ಷಿಣವಾಗಿ ನೋಡುತ್ತಾ ಹೋಗಬೇಕು, ಜೋಡಿಸಿರುವುದೇ ಹಾಗೆ. ಕಾಲು ಅಭ್ಯಾಸಬಲದಿಂದ ಇನ್ನೊಂದು ಕಡೆ ತಿರುಗುತ್ತದೆ, ತಡೆದುಕೊಳ್ಳಿ.

ಇದನ್ನೆಲ್ಲ ನೋಡಲು ಒಂದು ಮೆಟ್ಟಿಲೂ ಕಷ್ಟದ್ದಿಲ್ಲ. ಕಷ್ಟ ಇರುವುದು ಮೇಲಿನ ಬಾಕಾನ್ ಎಂಬ ಅಂತಸ್ತಿಗೆ. ಅದು ಏಣಿಯಷ್ಟು ಕಡಿದು. 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಭುಜ ಮಂಡಿ ಮುಚ್ಚದ ಬಟ್ಟೆಯಾದರೆ ಯಾರನ್ನೂ ಬಿಡುವುದಿಲ್ಲ, ಬೌದ್ಧರ ಪವಿತ್ರ ದಿನಗಳಲ್ಲಿ ಮುಚ್ಚಿರುತ್ತದೆ. ಹತ್ತಲಾಗದವರು ಬೇಜಾರು ಮಾಡಿಕೊಳ್ಳಬೇಕಿಲ್ಲ, ಕಥೆಯೆಲ್ಲ ಕೆಳಗೇ ಇದೆ.

ತೊಡಕುಗಳೂ ಇವೆ. ನವೆಂಬರ್‌ನಿಂದ ಫೆಬ್ರವರಿ ಹವೆ ಹಿತ, ಜನವೂ ಜಾಸ್ತಿ. ಏಪ್ರಿಲ್‌ನಲ್ಲಿ ಮಾತ್ರ ಬೇಡ, ಕಲ್ಲು ಕಾದ ಹೆಂಚಾಗಿರುತ್ತದೆ. 2023ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು ಒಂದು ಗಂಟೆ ದಾರಿ, ಆ ಖರ್ಚನ್ನೂ ಸೇರಿಸಿಕೊಳ್ಳಿ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಹೋಗಬಹುದು ಎಂದು ಹಳೆಯ ಲೇಖನಗಳಲ್ಲಿ ಓದಿರುತ್ತೀರಿ. 2025ರಲ್ಲಿ ಎರಡು ದೇಶಗಳ ನಡುವೆ ಗಡಿ ಸಂಘರ್ಷ ಆಗಿ ರಸ್ತೆ ದಾರಿ ಮುಚ್ಚಿತು. ಅದನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಅಲ್ಲಿ ಡಾಲರ್ ನೋಟೇ ಓಡುತ್ತದೆ, ಆದರೆ ತುದಿ ಹರಿದ ನೋಟನ್ನು ಟುಕ್‌ಟುಕ್ ಓಡಿಸುವವರೂ ಮುಟ್ಟುವುದಿಲ್ಲ.

ಜಾವಾ: ಒಂದೇ ಊರಿನಲ್ಲಿ ಎರಡು ಧರ್ಮ

ಯೋಗ್ಯಕರ್ತಾ ಊರಲ್ಲಿ ಉಳಿದುಕೊಂಡರೆ ಸುಮಾರು 40 ಕಿ.ಮೀ. ದೂರದಲ್ಲಿ ಒಂದು ಕಡೆ ಬೊರೊಬುದುರ್, ಇನ್ನೊಂದು ಕಡೆ 17 ಕಿ.ಮೀ. ದೂರದಲ್ಲಿ ಪ್ರಂಬನನ್. ಮೊದಲನೆಯದು ಶೈಲೇಂದ್ರ ವಂಶದವರ ಮಹಾಯಾನ ಬೌದ್ಧ ಸ್ತೂಪ, 8–9ನೇ ಶತಮಾನದ್ದು. ಎರಡನೆಯದು 9ನೇ ಶತಮಾನದ ಶಿವ, ವಿಷ್ಣು, ಬ್ರಹ್ಮರ ಗುಡಿಗಳು. ಎರಡೂ 1991ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಎರಡು ದಿನದಲ್ಲಿ ಇಷ್ಟು ದೊಡ್ಡ ಎರಡು ಕಟ್ಟಡ ನೋಡುವುದು ಬೇರೆಲ್ಲೂ ಇಷ್ಟು ಸಲೀಸಲ್ಲ.

ಆದರೆ ಬೊರೊಬುದುರ್‌ನಲ್ಲಿ ನನ್ನ ಮೊದಲ ಅಳತೆ ಎಡವುತ್ತದೆ. ಕಲ್ಲು ಸವೆಯುತ್ತಿದೆ ಎಂದು 2023ರಿಂದ ಮೇಲೆ ಹತ್ತುವವರ ಸಂಖ್ಯೆಯನ್ನು ದಿನಕ್ಕೆ 1,200ಕ್ಕೆ ಇಳಿಸಿದರು. ಹೊತ್ತು ನಿಗದಿ ಮಾಡಿದ ಟಿಕೆಟ್, ಗುಂಪಿಗೊಬ್ಬ ಗೈಡ್, ಕಾಲಿಗೆ ಅವರೇ ಕೊಡುವ ಉಪಾನತ್ ಎಂಬ ಹೆಣೆದ ಚಪ್ಪಲಿ. ಹೆಸರು ಕೇಳಿದರೆ ನಮ್ಮ ಪಾದುಕೆ, ಉಪಾನಹಗಳ ನೆನಪಾಗುತ್ತದೆ ಅಲ್ವಾ? ಮೇಲೆ ಸಿಗುವುದು ಹೆಚ್ಚು ಕಡಿಮೆ ಒಂದು ಗಂಟೆ. ಗೋಡೆಗಳ ಮೇಲಿರುವ ಕೆತ್ತನೆಯ ಫಲಕಗಳು 2,672. ಲೆಕ್ಕ ಹಾಕಿ, ನಿಮಿಷಕ್ಕೆ 44 ಫಲಕ!

ಕಟ್ಟಿದವರ ಲೆಕ್ಕ ಬೇರೆಯೇ ಇತ್ತು. ಬಲಕ್ಕೆ ಕಟ್ಟಡ ಇಟ್ಟುಕೊಂಡು ಪ್ರದಕ್ಷಿಣೆ ಹಾಕುತ್ತಾ, ಒಂದೊಂದೇ ಹಂತ ಏರುತ್ತಾ, ಬುದ್ಧನ ಜೀವನ, ಜಾತಕ ಕಥೆಗಳನ್ನು ನೋಡುತ್ತಾ ಹೋಗಬೇಕು. ಎಲ್ಲ ಸುತ್ತು ಸೇರಿ ಸುಮಾರು 5 ಕಿ.ಮೀ. ಕೆಳಗೆ ಆರು ಚೌಕದ ಹಂತ, ಮೇಲೆ ಮೂರು ದುಂಡನೆಯ ಹಂತ. ದುಂಡನೆಯ ಹಂತದಲ್ಲಿ ಕಥೆ ನಿಂತುಹೋಗುತ್ತದೆ. ಗೋಡೆಯಿಲ್ಲ, ಕೆತ್ತನೆಯಿಲ್ಲ. ಜಾಲರಿಯಂಥ 72 ಸ್ತೂಪಗಳು, ಅವುಗಳೊಳಗೆ ಬುದ್ಧ, ಸುತ್ತ ಬೆಟ್ಟ. ಓಣಿಯಂಥ ಗೋಡೆಗಳಿಂದ ಹೊರಬಂದು ಆ ಬಯಲಿಗೆ ಕಾಲಿಟ್ಟಾಗ ನಮ್ಮ ಗುಂಪಿನಲ್ಲಿ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಒಂದು ಗಂಟೆಯೇ ಆದರೂ ಆ ಕ್ಷಣ ಸಿಗುತ್ತದೆ. ಹಾಗಾಗಿ ಕೆತ್ತನೆ ಓದುವವರಿಗೆ ಬೊರೊಬುದುರ್ ಹೊಟ್ಟೆ ತುಂಬಿಸುವುದಿಲ್ಲ, ಕಟ್ಟಡವನ್ನು ಮೈಯಲ್ಲಿ ಅನುಭವಿಸಬೇಕು ಎನ್ನುವವರಿಗೆ ತುಂಬಿಸುತ್ತದೆ.

ನಾನು ನೋಡಿದ ಹಾಗೆ ವಿದೇಶಿಯರಿಗೆ ಹತ್ತುವ ಟಿಕೆಟ್ 455,000 ರುಪಯ್ಯಾ. ಅಂಗಳದವರೆಗೆ ಮಾತ್ರ ಹೋಗುವ ಟಿಕೆಟ್ ಅದಕ್ಕಿಂತ ಸ್ವಲ್ಪವೇ ಕಡಿಮೆ. ಬಂದ ಮೇಲೆ ಹತ್ತದೆ ಇರುವುದರಲ್ಲಿ ಅರ್ಥವಿಲ್ಲ, ಮಂಡಿ ಬೇಡ ಅಂದರೆ ಮಾತ್ರ ಅಂಗಳದ್ದು ತಗೊಳ್ಳಿ. ಬುಡದ ಆಗ್ನೇಯ ಮೂಲೆಗೆ ಮರೆಯದೆ ಹೋಗಿ. ಕಟ್ಟಡದ ಕೆಳಗಿನ 160 ಫಲಕಗಳು ಹೆಚ್ಚುವರಿ ಕಲ್ಲಿನ ಕಟ್ಟೆಯ ಹಿಂದೆ ಮುಚ್ಚಿಹೋಗಿವೆ. ಆ ಮೂಲೆಯಲ್ಲಿ ಕೆಲವನ್ನು ಮಾತ್ರ ಬಿಚ್ಚಿಟ್ಟಿದ್ದಾರೆ. ಮಾಡಿದ ಕರ್ಮಕ್ಕೆ ತಕ್ಕ ಫಲ ಎಂಬುದೇ ಅವುಗಳ ವಿಷಯ. ಹೆಚ್ಚಿನವರು ತಿರುಗಿಯೂ ನೋಡದೆ ಹೋಗುತ್ತಾರೆ.

ಪ್ರಂಬನನ್‌ನಲ್ಲಿ ಗಡಿಯಾರದ ಕಾಟ ಇಲ್ಲ. ನಡುವಿನ ಶಿವನ ಗುಡಿ 47 ಮೀಟರ್ ಎತ್ತರ. ರಾಮಾಯಣದ ಕೆತ್ತನೆ ಈ ಗುಡಿಯ ಸುತ್ತುದಾರಿಯ ತಡೆಗೋಡೆಯ ಒಳಮೈಯಲ್ಲಿ ಶುರುವಾಗಿ ಬ್ರಹ್ಮನ ಗುಡಿಯಲ್ಲಿ ಮುಗಿಯುತ್ತದೆ. ವಿಷ್ಣುವಿನ ಗುಡಿಯಲ್ಲಿ ಕೃಷ್ಣನ ಕಥೆ. ಒಂದು ತೊಂದರೆ ಎಂದರೆ ಇವನ್ನು ನೋಡಲು ಒಂದು ಸಾಲು ಕಡಿದಾದ ಮೆಟ್ಟಿಲು ಹತ್ತಲೇಬೇಕು. ಹತ್ತಿಬಿಟ್ಟರೆ ಆಮೇಲೆ ಸಮತಟ್ಟು. ಶಿವನ ಗುಡಿಯ ಉತ್ತರದ ಕೋಣೆಯಲ್ಲಿ ದುರ್ಗೆ ಇದ್ದಾಳೆ. ಊರಿನವರಿಗೆ ಆಕೆ ರೋರೊ ಜೊಂಗ್ರಾಂಗ್, ಶಾಪದಿಂದ ಕಲ್ಲಾದ ರಾಜಕುಮಾರಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಗುಡಿಗಳ ಹಿನ್ನೆಲೆಯಲ್ಲಿ ಬಯಲು ರಂಗಮಂದಿರದಲ್ಲಿ ರಾಮಾಯಣದ ನೃತ್ಯರೂಪಕ ಆಡುತ್ತಾರೆ, 1961ರಿಂದ ನಡೆದು ಬಂದದ್ದು. ಮಾತೇ ಇಲ್ಲ, ನಮಗೆ ಬೇಕಾಗುವುದೂ ಇಲ್ಲ. ಪ್ರಂಬನನ್ ಟಿಕೆಟ್ ಕೂಡ 25 ಡಾಲರ್ ಆಸುಪಾಸು. ಎರಡೂ ಸೇರಿದರೆ ಅಂಕೋರ್‌ನ ಮೂರು ದಿನದ ಟಿಕೆಟ್ಟಿಗೆ ಹತ್ತಿರ ಬರುತ್ತದೆ, ಅಂದರೆ ಜಾವಾ ಅಗ್ಗ ಎಂದು ಹೋಗಬೇಡಿ.

ಮಿ ಸನ್: ಅರ್ಧ ದಿನದ ಕಣಿವೆ

ಇದು ನಡು ವಿಯೆಟ್ನಾಮಿನಲ್ಲಿದ್ದ ಹಳೆಯ ಚಂಪಾ ರಾಜ್ಯದ, ಅಂದರೆ ಚಾಮ್ ಜನರ ರಾಜರ, ಶೈವ ಕ್ಷೇತ್ರ. 4ನೇ ಶತಮಾನದಲ್ಲಿ ಭದ್ರವರ್ಮ ಎಂಬ ರಾಜ ಇಲ್ಲಿ ಭದ್ರೇಶ್ವರನನ್ನು ಪ್ರತಿಷ್ಠೆ ಮಾಡಿದ. 13ನೇ ಶತಮಾನದವರೆಗೂ ಗುಡಿಗಳು ಏಳುತ್ತಲೇ ಇದ್ದವು. ಹೆಚ್ಚು ಕಡಿಮೆ ಎಲ್ಲ ಕೆಂಪು ಇಟ್ಟಿಗೆಯವು, ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೆ ಕಾಣುವುದೇ ಇಲ್ಲ. 1969ರಲ್ಲಿ ಅಮೆರಿಕದ ಬಾಂಬ್ ದಾಳಿಗೆ ಅತಿ ದೊಡ್ಡ ಗೋಪುರ ಬಿದ್ದುಹೋಯಿತು. ಹುಲ್ಲು ಬೆಳೆದ ಬಾಂಬ್ ಗುಂಡಿಗಳು ಗುಡಿಗಳ ಪಕ್ಕದಲ್ಲೇ ಇವೆ. ಭಾರತದ ಪುರಾತತ್ವ ಇಲಾಖೆ ಕೆಲವು ವರ್ಷ ಇಲ್ಲಿ ದುರಸ್ತಿ ಕೆಲಸ ಮಾಡಿತು. 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು.

ಅಂಕೋರ್ ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಇಲ್ಲಿ ನಿರಾಸೆ ಖಂಡಿತ. ಉಳಿದಿರುವುದು ಕಡಿಮೆ, ಒಳ್ಳೆಯ ಮೂರ್ತಿಗಳು ದಾ ನಾಂಗ್ ಊರಿನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿವೆ. ಅದನ್ನೂ ಸೇರಿಸಿ ನೋಡಿದರೆ ಮಾತ್ರ ಮಿ ಸನ್ ಪೂರ್ತಿ. ಲಾಭದ ಮಾತು ಅಂದರೆ ಟಿಕೆಟ್ 150,000 ಡಾಂಗ್, ಅಂದರೆ ಸುಮಾರು ಆರು ಡಾಲರ್. ಹೊಯ್ ಆನ್ ಊರಿನಿಂದ ಸುಮಾರು 40 ಕಿ.ಮೀ. ಬಾಗಿಲಿನಿಂದ ಗುಡಿಗಳ ಹತ್ತಿರದವರೆಗೆ ಬ್ಯಾಟರಿ ಗಾಡಿ ಇದೆ, ಮೆಟ್ಟಿಲು ಹೆಚ್ಚಿಲ್ಲ. ಬೆಳಿಗ್ಗೆ ಬೇಗ, ಪ್ರವಾಸದ ಬಸ್ಸುಗಳು ಬರುವ ಮುಂಚೆ ಹೋದರೆ ಕಣಿವೆಯಲ್ಲಿ ಹಕ್ಕಿ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಈ ಒಂದಕ್ಕಾಗಿ ವಿಯೆಟ್ನಾಮಿಗೆ ಹೋಗಿ ಎಂದು ಹೇಳಲಾರೆ. ಹೊಯ್ ಆನ್‌ಗೆ ಹೋಗುವವರು ತಪ್ಪಿಸಬೇಡಿ.

ಅಯುತ್ತಾಯ: ರೈಲು ಹತ್ತಿ, ಸಂಜೆ ವಾಪಸ್

ಹೆಸರು ಅಯೋಧ್ಯೆಯದೇ. 14ನೇ ಶತಮಾನದ ನಡುವಿನಿಂದ 1767ರಲ್ಲಿ ಬರ್ಮಾದ ಸೈನ್ಯ ಸುಡುವವರೆಗೆ ಸಯಾಮಿನ, ಅಂದರೆ ಹಳೆಯ ಥಾಯ್ಲೆಂಡಿನ, ರಾಜಧಾನಿ. ಮೂರು ನದಿಗಳ ನಡುವಿನ ದ್ವೀಪ, ಬ್ಯಾಂಕಾಕ್‌ನಿಂದ ಸುಮಾರು 80 ಕಿ.ಮೀ. ಮೂರನೇ ದರ್ಜೆಯ ರೈಲಿಗೆ ಇಪ್ಪತ್ತು ಬಾತ್ ಹತ್ತಿರ. ಸ್ಟೇಷನ್ ಎದುರಿನ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಬಾಡಿಗೆ ಸೈಕಲ್ ಹಿಡಿದರೆ ಆಯಿತು. ನೆಲ ಎಲ್ಲ ಚಪ್ಪಟೆ.

ಬೇರಿನ ನಡುವೆ ಸಿಕ್ಕಿಕೊಂಡಿರುವ ಬುದ್ಧನ ತಲೆ ಇರುವುದು ಇಲ್ಲಿನ ವಾಟ್ ಮಹಾಥಾಟ್‌ನಲ್ಲಿ. ಅದರ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಕುಳಿತುಕೊಳ್ಳಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ನದಿ ದಡದ ವಾಟ್ ಚೈವತ್ತನಾರಾಮ್ ಸಂಜೆ ನೋಡಲು ಚೆಂದ. ಕೆತ್ತನೆ, ಕಥೆ ಹುಡುಕುವವರಿಗೆ ಇಲ್ಲಿ ಜಾಸ್ತಿ ಇಲ್ಲ. ಸುಟ್ಟ ಇಟ್ಟಿಗೆ, ತಲೆಯಿಲ್ಲದ ಬುದ್ಧರ ಸಾಲು. ಒಂದು ರಾಜಧಾನಿ ಹಾಳಾಗುವುದು ಎಂದರೆ ಏನು ಎಂದು ಮಾತ್ರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಲ್ಲ ನನಗೆ.

ಹಾಗಾದರೆ ಯಾರು ಎಲ್ಲಿಗೆ

ಐದಾರು ದಿನ ಇದೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ರಜೆ, ಕೆತ್ತನೆ ಮುಂದೆ ಗಂಟೆಗಟ್ಟಲೆ ನಿಲ್ಲುವ ಹುಚ್ಚು ಇದೆ ಅಂದರೆ ಅಂಕೋರ್, ಮೂರು ದಿನದ ಟಿಕೆಟ್. ಎರಡನೇ ಯೋಚನೆ ಬೇಡ. ಕಾಲಿಗೆ ಒಂದು ದಿನ ಬಿಡುವು ಕೊಟ್ಟು ಮತ್ತೆ ಹೋಗಬಹುದು, ಟಿಕೆಟ್ ಅದಕ್ಕೆ ಒಪ್ಪುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ರಜೆ ಸಿಗುವವರಿಗೆ ಜಾವಾ. ಮೂರು ದಿನ ಸಾಕು. ಬೊರೊಬುದುರ್‌ಗೆ ಬೆಳಗಿನ ಮೊದಲ ಹೊತ್ತಿನ ಟಿಕೆಟ್, ಮಾರನೇ ದಿನ ಮಧ್ಯಾಹ್ನ ಪ್ರಂಬನನ್, ರಾತ್ರಿ ನೃತ್ಯ. ಆ ತಿಂಗಳುಗಳಲ್ಲಿ ಅಂಕೋರ್ ಮುಚ್ಚಿರುತ್ತದೆ ಎಂದಲ್ಲ. ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಜನ ಕಡಿಮೆ, ಕಂದಕ ತುಂಬಿರುತ್ತದೆ. ಒದ್ದೆಯಾಗಲು ಅಭ್ಯಂತರ ಇಲ್ಲದವರು ಹೋಗಬಹುದು.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಜನ ಹೇಳುವುದಕ್ಕೆ ಉಲ್ಟಾ ಯೋಚಿಸಿ. ಹತ್ತದೆ ಹೆಚ್ಚು ಸಿಗುವುದು ಅಂಕೋರ್‌ನಲ್ಲೇ: ಮೊಗಸಾಲೆಯ ಕಥೆಗಳು, ಬಾಂತೇಯ್ ಸ್ರೈ, ಹಲಗೆ ದಾರಿ ಹಾಕಿರುವ ತಾ ಪ್ರೋಮ್. ದಿನಕ್ಕೆ ಒಂದೇ ಗುಡಿ, ಬಾಗಿಲವರೆಗೆ ಟುಕ್‌ಟುಕ್. ಬೊರೊಬುದುರ್‌ನಲ್ಲಿ ಗುಂಪಿನ ಜೊತೆ, ಗಡಿಯಾರದ ಜೊತೆ ಹೆಜ್ಜೆ ಹಾಕಬೇಕು. ನಮ್ಮ ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಮೂರನೇ ಹಂತದಲ್ಲೇ ಕುಳಿತುಬಿಟ್ಟರು, ಮಗ ಮೇಲೂ ಹೋಗಲಾಗದೆ ಕೆಳಗೂ ಇಳಿಯಲಾಗದೆ ಪೇಚಾಡಿದ.

ದುಡ್ಡು ಬಿಗಿಯಾಗಿದ್ದು, ಥಾಯ್ಲೆಂಡ್ ಪ್ರವಾಸ ಹೇಗೂ ಇದ್ದರೆ ಅಯುತ್ತಾಯ. ಸೈಕಲ್ ತುಳಿಯುವ ವಯಸ್ಸಿನ ಮಕ್ಕಳಿಗೂ ಅದೇ ಖುಷಿ. ಗದ್ದಲವೇ ಬೇಡ, ಫೆಬ್ರವರಿಯಿಂದ ಆಗಸ್ಟ್‌ನೊಳಗೆ ಹೋಗುವವರಿಗೆ ಹೊಯ್ ಆನ್ ಜೊತೆ ಮಿ ಸನ್.

ಕಾಯ್ದಿರಿಸುವ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಬೊರೊಬುದುರ್ ಆದರೆ ಮೊದಲು ಹತ್ತುವ ಟಿಕೆಟ್ ಯಾವ ದಿನಕ್ಕೆ ಇದೆ ನೋಡಿ, ಆಮೇಲೆ ವಿಮಾನ. ಸೋಮವಾರ ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ತಲೆನೋವಿಲ್ಲ, ಹತ್ತಲು ಬಿಡದ ದಿನ ಎಂದು ಅದನ್ನು ಇಟ್ಟಿದ್ದರು. ಅಂಕೋರ್‌ಗೆ ಮೊದಲು ವಿಮಾನ, ಟಿಕೆಟ್ ಹೋದ ಮೇಲೆ ತಗೊಂಡರೂ ಆಗುತ್ತದೆ. ಸಂಜೆ ಐದರ ಹೊತ್ತಿಗೆ ತಗೊಂಡರೆ ಮಾರನೇ ದಿನದಿಂದ ಲೆಕ್ಕ ಶುರು, ಆ ಸಂಜೆ ಒಳಗೆ ಹೋಗುವುದು ಪುಕ್ಕಟೆ. ಮಿ ಸನ್, ಅಯುತ್ತಾಯಗಳಿಗೆ ಬಾಗಿಲಲ್ಲೇ ಟಿಕೆಟ್. ಎಲ್ಲಿಗೆ ಹೋದರೂ ಭುಜ, ಮಂಡಿ ಮುಚ್ಚುವ ತೆಳು ಹತ್ತಿ ಬಟ್ಟೆ, ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ ಇರಲಿ.